‘ಕ್ರೆಡಿಟ್’ – ಪದ ಒಂದು, ವ್ಯವಹಾರ ಹಲವು

ಇಂಗ್ಲಿಷ್ ಭಾಷೆಯಲ್ಲಿ ಒಂದೇ ಪದವು ರೂಪದಲ್ಲಿ ಯಾವ ಬದಲಾವಣೆಯನ್ನೂ ಹೊಂದದೆ ನಾಮಪದವಾಗಿಯೂ ಕ್ರಿಯಾಪದವಾಗಿಯೂ ನಿಲ್ಲಬಲ್ಲದು. ಬಿಲ್, ಇನ್‌ವಾಯ್ಸ್, ಆಡಿಟ್, ಸ್ಟಾಕ್, ಡಿಸ್ಕೌಂಟ್ ಮುಂತಾಗಿ ವ್ಯಾಪಾರಸ್ಥರು ದಿನನಿತ್ಯ ಬಳಸುವ ಅನೇಕ ಪದಗಳು ಈ ಜಾತಿಗೆ ಸೇರಿದವು. ಇಂತಹ ಪದ ಕನ್ನಡಕ್ಕೆ ಬಂದಾಗ ಮಾತ್ರ ಅದು ನಾಮಪದವಾಗಿಯೇ ಬರುತ್ತದೆ. ಅದಕ್ಕೆ ‘ಮಾಡು’, ‘ಕೊಡು’, ‘ಆಗು’, ‘ತೆಗೆದುಕೊಳ್ಳು’ ಎಂಬ ನಮ್ಮದೇ ಕ್ರಿಯಾಪದವೊಂದನ್ನು ಜೋಡಿಸಿ ಕೆಲಸ ನಡೆಸುತ್ತೇವೆ. ಬಿಲ್ ಮಾಡಿದರು, ಡಿಸ್ಕೌಂಟ್ ಕೊಟ್ಟರು, ಆಡಿಟ್ ಆಯಿತು ಎಂದರೆ ಯಾರಿಗೂ ಸಂದೇಹ ಉಂಟಾಗುವುದಿಲ್ಲ.

ಆದರೆ ‘ಕ್ರೆಡಿಟ್’ ಎಂಬ ಪದದ ವಿಷಯ ಹಾಗಲ್ಲ. ಇದಕ್ಕೆ ಜೋಡಿಸುವ ಕ್ರಿಯಾಪದ ಬದಲಾದರೆ ವ್ಯವಹಾರವೇ ಬದಲಾಗುತ್ತದೆ. ವ್ಯವಹಾರ ಬದಲಾದರೆ ತೆರಿಗೆ, ಬಡ್ಡಿ, ವಾಯಿದೆ ಎಲ್ಲವೂ ಬದಲಾಗುತ್ತವೆ. ‘ಕ್ರೆಡಿಟ್ ಕೊಡಿ’, ‘ಕ್ರೆಡಿಟ್ ಮಾಡಿ’, ‘ಕ್ರೆಡಿಟ್ ತೆಗೆದುಕೊಳ್ಳಿ’ ಎಂಬ ಮೂರು ಮಾತುಗಳಲ್ಲಿ ಪದ ಒಂದೇ, ಅರ್ಥ ಮೂರು. ಈ ವ್ಯತ್ಯಾಸವನ್ನು ಲಕ್ಷಿಸದೆ ಪತ್ರ ಬರೆಯುವ, ಬಿಲ್ಲಿನ ಮೇಲೆ ಷರಾ ಹಾಕುವ, ವಾಟ್ಸ್‌ಆ್ಯಪ್ ಸಂದೇಶ ಕಳುಹಿಸುವ ರೂಢಿಯಿಂದ ಸಣ್ಣ ವ್ಯಾಪಾರಿಗಳಿಗೂ ಉತ್ಪಾದಕರಿಗೂ ಆಗುತ್ತಿರುವ ನಷ್ಟದ ಕಡೆಗೆ ಸದಸ್ಯ ಬಂಧುಗಳ ಗಮನ ಸೆಳೆಯುವುದೇ ಈ ಲೇಖನದ ಉದ್ದೇಶ.

ಪದದ ಮೂಲ

‘ಕ್ರೆಡಿಟ್’ ಪದದ ಮೂಲ ಲ್ಯಾಟಿನ್ ಭಾಷೆಯ ‘ಕ್ರೆಡೆರೆ’. ನಂಬು ಎಂಬುದು ಅದರ ಅರ್ಥ. ಸರಕನ್ನು ಇಂದು ಕೊಟ್ಟು ಹಣಕ್ಕಾಗಿ ನಾಳೆಯವರೆಗೆ ಕಾಯುವವನು ಎದುರಿನವನನ್ನು ನಂಬಿದವನು. ಆದ್ದರಿಂದಲೇ ಆತ ‘ಕ್ರೆಡಿಟರ್’. ಆ ನಂಬಿಕೆಗೂ, ಅದರ ಮೇಲೆ ಕೊಟ್ಟ ಕಾಲಾವಕಾಶಕ್ಕೂ ನಾಮಪದವಾಗಿ ‘ಕ್ರೆಡಿಟ್’ ಎಂಬ ಹೆಸರು ನಿಂತಿತು. ಯಾರಿಗೆ ನಾವು ಹಣ ಸಲ್ಲಿಸಬೇಕೋ ಅವರ ಖಾತೆಯಲ್ಲಿ ಆ ಮೊತ್ತವನ್ನು ಅವರ ಪರವಾಗಿ ಬರೆಯುವ ಕ್ರಿಯೆಗೂ ಅದೇ ಪದ ಬಳಕೆಗೆ ಬಂದಿತು. ಲೂಕಾ ಪಾಚಿಯೋಲಿ 1494ರಲ್ಲಿ ವೆನಿಸ್ ನಗರದಲ್ಲಿ ಪ್ರಕಟಿಸಿದ ಗಣಿತ ಗ್ರಂಥದಲ್ಲಿ ಅಲ್ಲಿನ ವರ್ತಕರ ಜೋಡಿ ನಮೂದು ಪದ್ಧತಿಯನ್ನು ವಿವರಿಸಿದನು. ಇಂದು ನಾವು ಅನುಸರಿಸುತ್ತಿರುವುದು ಆ ಪದ್ಧತಿಯ ಮುಂದುವರಿಕೆಯನ್ನೇ. ಅಂದರೆ ನಂಬಿಕೆ ಒಂದು, ಆ ನಂಬಿಕೆಯ ಬರವಣಿಗೆ ಇನ್ನೊಂದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ.

ನಮ್ಮ ಕಿರ್ದಿಯ ಭಾಷೆ

ನಮ್ಮ ಹಿರಿಯ ವರ್ತಕರಿಗೆ ಈ ತೊಡಕು ಇರಲಿಲ್ಲ. ನಂಬಿ ಕೊಟ್ಟ ಕಾಲಾವಕಾಶಕ್ಕೆ ಉತ್ತರ ಕರ್ನಾಟಕದಲ್ಲಿ ‘ಉದ್ರಿ’ ಎಂದೂ ಹಳೆ ಮೈಸೂರಿನ ಕಡೆ ‘ಕಡ’ ಅಥವಾ ‘ಸಾಲ’ ಎಂದೂ ಹೆಸರಿತ್ತು. ಬಂದ ಹಣವನ್ನು ಕೊಟ್ಟವನ ಹೆಸರಿಗೆ ಬರೆಯುವುದಕ್ಕೆ ‘ಜಮಾ’ ಎಂಬ ಬೇರೆಯೇ ಪದವಿತ್ತು. ‘ಉದ್ರಿ ಕೊಟ್ಟೆ’ ಎಂದವನು ಸರಕು ಕೊಟ್ಟಿದ್ದಾನೆ, ಹಣ ಬರಬೇಕಾಗಿದೆ. ‘ಜಮಾ ಮಾಡಿದೆ’ ಎಂದವನಿಗೆ ಹಣ ಬಂದಿದೆ, ಅದನ್ನು ಬರೆದುಕೊಂಡಿದ್ದಾನೆ. ಎರಡೂ ಪರಸ್ಪರ ವಿರುದ್ಧ ಸಂಗತಿಗಳು. ಇವೆರಡನ್ನೂ ‘ಕ್ರೆಡಿಟ್’ ಎಂಬ ಒಂದೇ ಚೀಲಕ್ಕೆ ತುಂಬಿರುವುದು ಇತ್ತೀಚಿನ ಅಭ್ಯಾಸ. ಕಿರ್ದಿ, ಖತಾವಣಿಗಳ ಸ್ಥಾನಕ್ಕೆ ಗಣಕಯಂತ್ರ ಬಂದ ಮೇಲೆ ಇದು ಇನ್ನಷ್ಟು ಬೇರೂರಿದೆ.

ಕಾನೂನಿನ ಒಂದೇ ವಾಕ್ಯದಲ್ಲಿ ಮೂರು ಬಾರಿ

2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 16(1)ನೆಯ ಉಪಪ್ರಕರಣದ ಇಂಗ್ಲಿಷ್ ಪಾಠ ಈ ವಿಷಯದಲ್ಲಿ ಬಹಳ ಬೋಧಪ್ರದವಾಗಿದೆ. ನೋಂದಾಯಿತ ವ್ಯಕ್ತಿಯು ತಾನು ಕೊಟ್ಟ ಇನ್‌ಪುಟ್ ತೆರಿಗೆಯ ಕ್ರೆಡಿಟ್ ತೆಗೆದುಕೊಳ್ಳಲು ಅರ್ಹನು ಎಂದು ಹೇಳುವಾಗ ಅಲ್ಲಿ ಆ ಪದ ನಾಮಪದ. ಆ ಮೊತ್ತವನ್ನು ಆತನ ಲೆಡ್ಜರಿಗೆ ಕ್ರೆಡಿಟ್ ಮಾಡತಕ್ಕದ್ದು ಎಂದು ಮುಂದುವರಿಸುವಾಗ ಅದೇ ಪದ ಕ್ರಿಯಾಪದ. ಆ ಲೆಡ್ಜರಿನ ಹೆಸರೇ ಎಲೆಕ್ಟ್ರಾನಿಕ್ ಕ್ರೆಡಿಟ್ ಲೆಡ್ಜರ್ ಆಗಿರುವುದರಿಂದ ಮೂರನೆಯ ಬಾರಿ ಅದು ವಿಶೇಷಣದಂತೆ ನಿಲ್ಲುತ್ತದೆ. ಹೀಗಿದ್ದರೂ ಆ ವಾಕ್ಯದಲ್ಲಿ ಗೊಂದಲವಿಲ್ಲ. ಯಾರು, ಯಾವುದನ್ನು, ಯಾವ ಖಾತೆಗೆ ಎಂಬುದನ್ನು ಪ್ರತಿ ಬಾರಿಯೂ ಪೂರ್ಣವಾಗಿ ಹೇಳಿರುವುದೇ ಇದಕ್ಕೆ ಕಾರಣ. ನಮ್ಮ ವ್ಯಾಪಾರಿ ಪತ್ರಗಳಲ್ಲಿ ಬಿಟ್ಟುಹೋಗುವುದು ನಿಖರವಾಗಿ ಇವೇ ಮೂರು ಅಂಶಗಳು.

‘ಕ್ರೆಡಿಟ್ ಮಾಡಿ’ ಎಂದರೇನು?

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಸಣ್ಣ ಉತ್ಪಾದಕನೊಬ್ಬನು ವ್ಯಾಪಾರಿಯೊಬ್ಬನಿಗೆ ರೂ. 1,00,000 ಮೌಲ್ಯದ ಸರಕನ್ನು ಶೇ. 18ರ ತೆರಿಗೆಯೊಂದಿಗೆ ಒಟ್ಟು ರೂ. 1,18,000ಕ್ಕೆ ಮಾರಿದನೆಂದು ಇಟ್ಟುಕೊಳ್ಳಿ. ಅದರಲ್ಲಿ ರೂ. 20,000 ಮೌಲ್ಯದ ಸರಕು ದೋಷಪೂರಿತವಾಗಿದ್ದು ವ್ಯಾಪಾರಿಯು ಅದನ್ನು ಹಿಂದಿರುಗಿಸಿ, ‘ರೂ. 23,600 ಕ್ರೆಡಿಟ್ ಮಾಡಿ’ ಎಂದು ಒಂದು ಸಾಲಿನ ಸಂದೇಶ ಕಳುಹಿಸುತ್ತಾನೆ. ಉತ್ಪಾದಕನ ಗುಮಾಸ್ತನು ಇದನ್ನು ನಾಲ್ಕು ರೀತಿಯಲ್ಲಿ ಗ್ರಹಿಸಬಹುದು: ಆ ಮೊತ್ತವನ್ನು ಬ್ಯಾಂಕಿನ ಮೂಲಕ ವರ್ಗಾಯಿಸಬೇಕು, ಆ ಮೊತ್ತಕ್ಕೆ ಇನ್ನಷ್ಟು ವಾಯಿದೆ ಕೊಡಬೇಕು, ಪುಸ್ತಕದಲ್ಲಿ ಒಂದು ಜರ್ನಲ್ ನಮೂದು ಹಾಕಿ ಬಾಕಿಯನ್ನು ಕಡಿಮೆ ಮಾಡಬೇಕು, ಇಲ್ಲವೆ, ಕಾನೂನುಬದ್ಧ ಕ್ರೆಡಿಟ್ ನೋಟ್ ಹೊರಡಿಸಬೇಕು.

ಸರಕು ವಾಪಸಾದ ಈ ಸಂದರ್ಭದಲ್ಲಿ ಉತ್ಪಾದಕನ ತೆರಿಗೆ ಹೊಣೆ ಇಳಿಯಬೇಕಾದರೆ ಬೇಕಾದುದು ನಾಲ್ಕನೆಯದು. ಆದರೆ ಅನೇಕ ಕಡೆ ನಡೆಯುವುದು ಮೂರನೆಯದು. ಜರ್ನಲ್ ನಮೂದಿನಿಂದ ಇಬ್ಬರ ಲೆಕ್ಕವೂ ತಾಳೆಯಾಗುತ್ತದೆ, ಇಬ್ಬರೂ ನಿಶ್ಚಿಂತರಾಗುತ್ತಾರೆ. ಆದರೆ ಕಾಯಿದೆಯ 34ನೆಯ ಪ್ರಕರಣದ ಪ್ರಕಾರ ಕ್ರೆಡಿಟ್ ನೋಟ್ ಹೊರಡಿಸಿ, ಅದನ್ನು ರಿಟರ್ನಿನಲ್ಲಿ ತೋರಿಸಿದರೆ ಮಾತ್ರ ಮಾರಾಟಗಾರನ ತೆರಿಗೆ ಹೊಣೆ ಕಡಿಮೆಯಾಗುತ್ತದೆ. ಜೊತೆಗೆ ಖರೀದಿದಾರನು ತಾನು ಪಡೆದಿದ್ದ ಇನ್‌ಪುಟ್ ತೆರಿಗೆ ಕ್ರೆಡಿಟ್ಟನ್ನು ಅಷ್ಟರ ಮಟ್ಟಿಗೆ ಹಿಂದಿರುಗಿಸಿರಬೇಕು. ಮಾರಾಟವಾದ ಹಣಕಾಸು ವರ್ಷ ಮುಗಿದ ನಂತರ ಬರುವ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವುಗಳಲ್ಲಿ ಮೊದಲು ಬರುವ ದಿನದೊಳಗೆ ಇದು ಆಗದಿದ್ದರೆ ಆ ರೂ. 3,600 ತೆರಿಗೆ ಉತ್ಪಾದಕನ ಕೈಯಿಂದ ಹೋದಂತೆಯೇ ಸರಿ. ಇತ್ತ ಸರಕೇ ಇಲ್ಲದೆ ಕ್ರೆಡಿಟ್ ಉಳಿಸಿಕೊಂಡ ವ್ಯಾಪಾರಿಯು ಮುಂದೊಂದು ದಿನ ಬಡ್ಡಿ ಸಹಿತ ತೆರಬೇಕಾದೀತು. ಒಂದು ಬಿಲ್ಲಿನಲ್ಲಿ ಇದು ಸಣ್ಣ ಮೊತ್ತವೆನಿಸಬಹುದು. ವರ್ಷದ ಎಲ್ಲ ವಾಪಸಾತಿಗಳನ್ನು ಕೂಡಿಸಿದರೆ ಅನೇಕ ಸಣ್ಣ ಘಟಕಗಳಿಗೆ ಅದು ಲಾಭದ ಗಣನೀಯ ಭಾಗವೇ ಆಗುತ್ತದೆ.

‘ಕ್ರೆಡಿಟ್ ಬಿಲ್’ ಎಂಬ ಷರಾ

ನಾಮಪದವಾಗಿ ಬಳಸುವಾಗಲೂ ಎಚ್ಚರ ಅಗತ್ಯ. ಬಿಲ್ಲಿನ ಮೇಲೆ ಬರಿದೇ ‘ಕ್ರೆಡಿಟ್’ ಎಂದು ಬರೆಯುವ ಪದ್ಧತಿ ವ್ಯಾಪಕವಾಗಿದೆ. ಎಷ್ಟು ದಿನ ಎಂಬುದು ಅಲ್ಲಿ ಇರುವುದಿಲ್ಲ. 1963ರ ವಾಯಿದೆ ಕಾಯಿದೆಯ ಪ್ರಕಾರ, ಉದ್ದರಿಯ ಅವಧಿ ನಿಗದಿಯಾಗಿರದಿದ್ದರೆ ಹಣ ವಸೂಲಿಗೆ ದಾವೆ ಹೂಡುವ 3 ವರ್ಷದ ಅವಧಿಯು ಸರಕು ಒಪ್ಪಿಸಿದ ದಿನದಿಂದಲೇ ಆರಂಭವಾಗುತ್ತದೆ. ಅವಧಿ ನಿಗದಿಯಾಗಿದ್ದರೆ ಅದು ಮುಗಿದ ದಿನದಿಂದ ಆರಂಭವಾಗುತ್ತದೆ. ದಿನಗಳ ಸಂಖ್ಯೆಯನ್ನು ಬರೆಯದ ಮಾರಾಟಗಾರನು ತನ್ನ ಹಕ್ಕಿನ ಕಾಲವನ್ನು ತಾನೇ ಮೊಟಕುಗೊಳಿಸಿಕೊಂಡಂತಾಗುತ್ತದೆ.

ಖರೀದಿದಾರನೂ ಎಣಿಸಬೇಕಾದ ದಿನಗಳಿವೆ. ಕಿರು ಮತ್ತು ಸಣ್ಣ ಉದ್ಯಮಗಳಿಂದ ಕೊಂಡ ಸರಕಿಗೆ, 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯ 15ನೆಯ ಪ್ರಕರಣದಂತೆ, ಲಿಖಿತ ಒಪ್ಪಂದವಿದ್ದರೂ ಸರಕು ಅಂಗೀಕರಿಸಿದ ದಿನದಿಂದ 45 ದಿನಗಳಿಗಿಂತ ಹೆಚ್ಚಿನ ಕಾಲಾವಕಾಶವಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ ಮಾತ್ರ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಹೀಗಿರುವಾಗ ಸಣ್ಣ ಉತ್ಪಾದಕನಿಗೆ ‘90 ದಿನ ಕ್ರೆಡಿಟ್’ ಎಂದು ಆರ್ಡರಿನಲ್ಲಿ ಬರೆದರೂ ಅದಕ್ಕೆ ಕಾನೂನಿನ ಬಲವಿಲ್ಲ. 2023ರ ಹಣಕಾಸು ಕಾಯಿದೆಯ ಮೂಲಕ 1961ರ ಆದಾಯ ತೆರಿಗೆ ಕಾಯಿದೆಗೆ 43ಬಿ(ಎಚ್) ಸೇರಿಸಿದ ಮೇಲೆ, ಇಂತಹ ಅವಧಿ ಮೀರಿದ ಬಾಕಿಯನ್ನು ವಾಸ್ತವವಾಗಿ ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ಖರ್ಚೆಂದು ಕಳೆಯಲು ಅವಕಾಶವಾಯಿತು. 2025ರಲ್ಲಿ ಅಂಗೀಕೃತವಾದ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿಯೂ ಈ ತತ್ತ್ವವನ್ನು ಉಳಿಸಿಕೊಳ್ಳಲಾಗಿದೆ.

ಇನ್ನು ಜಿ.ಎಸ್.ಟಿ.ಯಲ್ಲಿ ಎರಡು ‘ಕ್ರೆಡಿಟ್’ಗಳು ಮುಖಾಮುಖಿಯಾಗುತ್ತವೆ. ಮಾರಾಟಗಾರನು ನಮಗೆ ಕೊಟ್ಟ ಕ್ರೆಡಿಟ್, ಅಂದರೆ ಉದ್ದರಿ, ಇನ್‌ವಾಯ್ಸಿನ ದಿನಾಂಕದಿಂದ 180 ದಿನಗಳನ್ನು ದಾಟಿದರೆ, ಸರ್ಕಾರದಿಂದ ನಾವು ತೆಗೆದುಕೊಂಡ ಕ್ರೆಡಿಟ್, ಅಂದರೆ ಇನ್‌ಪುಟ್ ತೆರಿಗೆಯ ಜಮೆ, ಬಡ್ಡಿ ಸಹಿತ ಹಿಂದಕ್ಕೆ ಹೋಗುತ್ತದೆ. ಮುಂದೆ ಹಣ ಪಾವತಿ ಮಾಡಿದಾಗ ಅದನ್ನು ಪುನಃ ಪಡೆಯಬಹುದಾದರೂ ಕೊಟ್ಟ ಬಡ್ಡಿ ಮರಳಿ ಬರುವುದಿಲ್ಲ. ‘ನನಗೆ 6 ತಿಂಗಳು ಕ್ರೆಡಿಟ್ ಇದೆ’ ಎಂದು ಸಂತೋಷಪಡುವ ವ್ಯಾಪಾರಿಯು ತನ್ನ ಎರಡನೆಯ ಕ್ರೆಡಿಟ್ ಕಳೆದುಕೊಳ್ಳುವ ಹೊಸ್ತಿಲಲ್ಲಿ ನಿಂತಿರುತ್ತಾನೆ ಎಂಬುದನ್ನು ಮನಗಾಣಬೇಕು.

ಬ್ಯಾಂಕಿನ ಮಾತು

‘ನಿಮ್ಮ ಖಾತೆಗೆ ಹಣ ಕ್ರೆಡಿಟ್ ಆಗಿದೆ’ ಎಂದು ಬ್ಯಾಂಕಿನಿಂದ ಸಂದೇಶ ಬಂದಾಗ, ನಮ್ಮ ಪುಸ್ತಕದಲ್ಲಿ ಬ್ಯಾಂಕಿನ ಖಾತೆಯನ್ನು ಡೆಬಿಟ್ ಮಾಡಬೇಕೇಕೆ ಎಂದು ಹೊಸ ಗುಮಾಸ್ತರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಬ್ಯಾಂಕು ಆಡುವುದು ತನ್ನ ಪುಸ್ತಕದ ಮಾತು. ನಾವಿಟ್ಟ ಹಣವನ್ನು ಬ್ಯಾಂಕು ನಮಗೆ ಹಿಂದಿರುಗಿಸಬೇಕಾಗಿರುವುದರಿಂದ ಅದರ ದೃಷ್ಟಿಯಲ್ಲಿ ನಾವು ಕ್ರೆಡಿಟರ್. ನಮ್ಮ ದೃಷ್ಟಿಯಲ್ಲಿ ಬ್ಯಾಂಕು ನಮಗೆ ಕೊಡಬೇಕಾದ ಸಾಲಗಾರ. ಅದೇ ಬ್ಯಾಂಕಿನಿಂದ ‘ಕ್ಯಾಶ್ ಕ್ರೆಡಿಟ್’ ಸೌಲಭ್ಯ ಪಡೆದು ಮಿತಿಯೊಳಗೆ ಹಣ ಬಳಸಿದಾಗ ಸ್ಥಾನಗಳು ತಿರುವುಮುರುವಾಗುತ್ತವೆ. ಹೆಸರಿನಲ್ಲಿ ಕ್ರೆಡಿಟ್ ಇದ್ದರೂ ಬ್ಯಾಂಕಿನ ಪುಸ್ತಕದಲ್ಲಿ ಆ ಖಾತೆಗೆ ಡೆಬಿಟ್ ಬಾಕಿ. ಯಾರ ಪುಸ್ತಕದಲ್ಲಿ ಎಂಬುದನ್ನು ಹೇಳದೆ ಈ ಪದಕ್ಕೆ ಪೂರ್ಣಾರ್ಥವಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮಾಡಬೇಕಾದುದೇನು?

ಇಂಗ್ಲಿಷ್ ಪದವನ್ನು ಬಹಿಷ್ಕರಿಸಬೇಕೆಂಬುದು ನನ್ನ ವಾದವಲ್ಲ. ಕಾಯಿದೆ, ಪೋರ್ಟಲ್, ತಂತ್ರಾಂಶ ಎಲ್ಲವೂ ಆ ಪದವನ್ನೇ ಬಳಸುತ್ತಿರುವಾಗ ಅದು ಸಾಧ್ಯವೂ ಅಲ್ಲ, ಹಿತವೂ ಅಲ್ಲ. ಕನ್ನಡದಲ್ಲಿ ವ್ಯವಹರಿಸುವವರೇ ಅಶುದ್ಧವಾಗಿ ಬರೆಯುತ್ತಾರೆಂಬ ಆಕ್ಷೇಪವನ್ನೂ ನಾನು ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿಯೇ ಬರೆದ ಪತ್ರಗಳಲ್ಲಿಯೂ ಇದೇ ಅಸ್ಪಷ್ಟತೆಯನ್ನು ಧಾರಾಳವಾಗಿ ಕಾಣಬಹುದು. ವಾಸ್ತವವಾಗಿ ಕನ್ನಡಕ್ಕೆ ಇಲ್ಲಿ ಒಂದು ಅನುಕೂಲವಿದೆ. ನಮ್ಮಲ್ಲಿ ಕ್ರಿಯಾಪದವನ್ನು ಪ್ರತ್ಯೇಕವಾಗಿ ಜೋಡಿಸಲೇಬೇಕು. ಆ ಕ್ರಿಯಾಪದವನ್ನು ವಿವೇಚನೆಯಿಂದ ಆರಿಸಿಕೊಂಡರೆ ಅರ್ಥ ತಾನಾಗಿಯೇ ತಿಳಿಯಾಗುತ್ತದೆ.

ಆದ್ದರಿಂದ ಕೆಲವು ಸರಳ ನಿಯಮಗಳನ್ನು ಸೂಚಿಸಬಯಸುತ್ತೇನೆ.

ಒಂದು, ಕಾಲಾವಕಾಶದ ಅರ್ಥದಲ್ಲಿ ‘ಉದ್ದರಿ’ ಎಂದೇ ಬರೆದು, ದಿನಗಳ ಸಂಖ್ಯೆಯನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಬಿಲ್ಲಿನಲ್ಲಿ ನಮೂದಿಸುವುದು.

ಎರಡು, ಹಣ ಬಂದುದನ್ನು ಬರೆದುಕೊಳ್ಳುವ ಅರ್ಥದಲ್ಲಿ ‘ನಿಮ್ಮ ಖಾತೆಗೆ ಜಮಾ ಮಾಡಿದೆ’ ಎನ್ನುವುದು. ಯಾರ ಪುಸ್ತಕದಲ್ಲಿ ಎಂಬುದು ಸ್ಪಷ್ಟವಿರಬೇಕು.

ಮೂರು, ಸರಕು ವಾಪಸಾತಿ ಅಥವಾ ದರ ವ್ಯತ್ಯಾಸವಿದ್ದಲ್ಲಿ ‘ಇಂತಹ ಸಂಖ್ಯೆಯ ಇನ್‌ವಾಯ್ಸಿಗೆ ತೆರಿಗೆ ಸಹಿತ ಕ್ರೆಡಿಟ್ ನೋಟ್ ಹೊರಡಿಸಿರಿ’ ಎಂದು ಪೂರ್ಣ ವಾಕ್ಯದಲ್ಲಿ ಕೇಳುವುದು. ತೆರಿಗೆಯನ್ನು ಮುಟ್ಟದ ಕೇವಲ ವ್ಯಾಪಾರಿ ರಿಯಾಯಿತಿಯಾಗಿದ್ದರೆ ‘ತೆರಿಗೆ ರಹಿತ’ ಎಂದು ಬರೆಯುವುದು.

ನಾಲ್ಕು, ತೆರಿಗೆಯ ವಿಷಯದಲ್ಲಿ ಬರಿದೇ ‘ಕ್ರೆಡಿಟ್’ ಎನ್ನದೆ ‘ಇನ್‌ಪುಟ್ ತೆರಿಗೆ ಕ್ರೆಡಿಟ್’ ಎನ್ನುವುದು; ಅದನ್ನು ಪಡೆಯುವುದು ಬೇರೆ, ತೆರಿಗೆ ಕಟ್ಟಲು ಬಳಸುವುದು ಬೇರೆ ಎಂಬುದನ್ನು ಮರೆಯದಿರುವುದು.

ನಮ್ಮ ವಾಣಿಜ್ಯ ಸಂಸ್ಥೆಯೂ ಇದರಲ್ಲಿ ಪಾತ್ರ ವಹಿಸಬಹುದು. ಬಿಲ್ಲಿನ ಷರಾ, ವಾಪಸಾತಿ ಪತ್ರ, ಬಾಕಿ ದೃಢೀಕರಣ ಪತ್ರ, ಇವುಗಳ ಕನ್ನಡ ಮಾದರಿಗಳನ್ನು ಒಂದೊಂದು ಪುಟದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ, ಗುಮಾಸ್ತರು ಬದಲಾದರೂ ಪದ್ಧತಿ ಬದಲಾಗದು. ಖರ್ಚು ಅತ್ಯಲ್ಪ, ಅದರಿಂದ ತಪ್ಪುವ ವಿವಾದಗಳು ಹಲವು. ಈ ಆರ್ಥಿಕ ವರ್ಷದ ಲೆಕ್ಕ ಮುಚ್ಚುವ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ಖತಾವಣಿಯಲ್ಲಿ ‘ಕ್ರೆಡಿಟ್’ ಎಂಬ ಷರಾ ಇರುವ ನಮೂದುಗಳನ್ನು ಒಮ್ಮೆ ತೆಗೆದು, ಅದು ಉದ್ದರಿಯೋ, ಜಮೆಯೋ, ಕ್ರೆಡಿಟ್ ನೋಟೋ, ತೆರಿಗೆಯ ಕ್ರೆಡಿಟ್ಟೋ ಎಂದು ಪರಿಶೀಲಿಸುವುದು ಒಳಿತು. ನವೆಂಬರ್ 30ರ ಒಳಗೆ ಸರಿಪಡಿಸಬಹುದಾದುದನ್ನು ಡಿಸೆಂಬರಿನಲ್ಲಿ ಸರಿಪಡಿಸಲಾಗದು.