ಓಝೋನ್ ತಾನಾಗಿ ಸರಿಹೋಗಲಿಲ್ಲ

‘ಓಝೋನ್ ಪದರಕ್ಕೆ ತೂತು ಬಿದ್ದಿದೆ ಅಂತ ಹೆದರಿಸಿದ್ದರಲ್ಲ, ಏನಾಯ್ತು? ಈಗ ಹವಾಮಾನದ ಗುಮ್ಮ ತೋರಿಸ್ತಿದ್ದಾರೆ.’ ಓದಿಕೊಂಡವರ ಬಾಯಲ್ಲೂ ಈ ಮಾತು ಕೇಳುತ್ತಿದ್ದೇನೆ. ಸಿಟ್ಟು ಬರುತ್ತದೆ. ಬೆಂಕಿ ಆರಿಸಿದವರನ್ನೇ ಹಿಡಿದು, ಮನೆ ಸುಡಲೇ ಇಲ್ಲ, ಸುಮ್ಮನೆ ಕೂಗಿಕೊಂಡಿರಿ ಎಂದು ಬೈದ ಹಾಗಿದೆ ಇದು.

ಫ್ರಿಜ್ಜು, ಸ್ಪ್ರೇ ಡಬ್ಬಿಗಳ ಸಿಎಫ್‌ಸಿ ಅನಿಲ ಮೇಲೇರಿ, ಬಿಸಿಲಿಗೆ ಒಡೆದು, ಅದರ ಕ್ಲೋರಿನ್ ಓಝೋನನ್ನು ತಿನ್ನುತ್ತದೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲಂಡ್ 1974ರಲ್ಲೇ ಬರೆದರು. ಪುರಾವೆ ಎಲ್ಲಿ ಎಂದರು ತಯಾರಕರು. ಪುರಾವೆ 1985ರಲ್ಲಿ ಅಂಟಾರ್ಕ್ಟಿಕಾದ ಹ್ಯಾಲಿ ನೆಲೆಯಿಂದ ಬಂತು. ಅಕ್ಟೋಬರ್ ತಿಂಗಳ ಓಝೋನ್ ಮೊದಲಿದ್ದದ್ದರಲ್ಲಿ ಸುಮಾರು ಮೂರನೇ ಒಂದು ಭಾಗ ಕರಗಿಹೋಗಿದೆಯೆಂದು ಜೋ ಫಾರ್ಮನ್ ಮತ್ತು ಇಬ್ಬರು ಸಹೋದ್ಯೋಗಿಗಳು ತೋರಿಸಿದರು. ಎರಡೇ ವರ್ಷದಲ್ಲಿ, ಇಂಥ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದವಾಯಿತು.

ಆದರೆ ಒಪ್ಪಂದಕ್ಕೆ ಜೀವ ಬಂದದ್ದು 1990ರಲ್ಲಿ, ಲಂಡನ್ನಿನಲ್ಲಿ. ಹೊಸ ತಂತ್ರಜ್ಞಾನಕ್ಕೆ ಬಡ ದೇಶಗಳು ಎಲ್ಲಿಂದ ದುಡ್ಡು ತರಬೇಕು ಎಂದು ಭಾರತ ಪಟ್ಟು ಹಿಡಿದು ಕೇಳಿತು. ಶ್ರೀಮಂತ ದೇಶಗಳು ನಿಧಿ ಕಟ್ಟಲು ಒಪ್ಪಿದವು, 1992ರಲ್ಲಿ ನಾವೂ ಸೇರಿದೆವು. ಇಂದು ಪದರ ಚೇತರಿಸಿಕೊಳ್ಳುತ್ತಿದೆ. ಹಾಗಿದ್ದೂ ಅಂಟಾರ್ಕ್ಟಿಕಾದ ಮೇಲೆ ಅದು 1980ರ ಮಟ್ಟಕ್ಕೆ ಮರಳಲು ಸುಮಾರು 2066 ಆಗಬೇಕು. ಆಗ ಬಿಟ್ಟ ಅನಿಲ ಇನ್ನೂ ಮೇಲೆಯೇ ಇದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ತಾರಸಿಯೊಂದರಲ್ಲಿ ಹುಡುಗನೊಬ್ಬ ಹಳೇ ಎಸಿ ಬಿಚ್ಚುತ್ತಿದ್ದ. ಸ್ಪ್ಯಾನರ್ ತಿರುಗಿಸಿದ. ಬುಸ್ಸೆಂದು ಗ್ಯಾಸ್ ಹೊರಟಿತು, ತಾಮ್ರದ ಪೈಪಿನ ತುದಿಯಲ್ಲಿ ಬೆಳ್ಳಗೆ ಮಂಜು ಕಟ್ಟಿತು. ಯೂನಿಟ್ಟಿನ ಮೇಲೆ ಆರ್-22 ಎಂದು ಬರೆದಿತ್ತು. ಅದು ಓಝೋನನ್ನೂ ತಿನ್ನುತ್ತದೆ, ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 1,800 ಪಟ್ಟು ಭೂಮಿಯನ್ನೂ ಕಾಯಿಸುತ್ತದೆ. ಸಿಲಿಂಡರಿಗೆ ಎಳೆದುಕೊಳ್ಳೋ ಮಿಷಿನ್ ಇದೆಯಲ್ಲಪ್ಪ ಎಂದೆ. ‘ಅದಕ್ಕೆ ಯಾರು ಸಾರ್ ಕಾಸು ಕೊಡ್ತಾರೆ?’ ಅಂದ.

ಅವನನ್ನು ನಾನು ಬೈಯಲಾರೆ. ಲಂಡನ್ನಿನಲ್ಲಿ ಭಾರತ ಕೇಳಿದ್ದೂ ಅದನ್ನೇ. ಅಂದು ಉತ್ತರ ಸಿಕ್ಕಿತು, ಆಕಾಶ ಉಳಿಯಿತು. ಈ ಹುಡುಗನಿಗೆ ಉತ್ತರ ಕೊಡಬೇಕಾದವರು ಎಸಿ ಮಾಡಿ ಮಾರುವ ಕಂಪನಿಗಳು. ಮಾರುವಾಗಲೇ ಒಂದಿಷ್ಟು ಠೇವಣಿ ಹಿಡಿದುಕೊಳ್ಳಲಿ, ಗ್ಯಾಸನ್ನು ಸಿಲಿಂಡರಿನಲ್ಲಿ ತಂದುಕೊಟ್ಟ ಮೆಕ್ಯಾನಿಕ್ಕಿಗೆ ಆ ಹಣ ಸೇರಲಿ. ಸರ್ಕಾರ ಇದನ್ನು ಕಾನೂನು ಮಾಡಲಿ. ಮಾಂಟ್ರಿಯಲ್ ಒಪ್ಪಂದದಂತೆ 2030ಕ್ಕೆ ಆರ್-22 ಬಹುಮಟ್ಟಿಗೆ ನಿಲ್ಲಬೇಕು. ಅಷ್ಟರಲ್ಲಿ ಅದೆಷ್ಟೋ ತಾರಸಿಗಳಿಂದ ಹಳೇ ಎಸಿಗಳು ಗುಜರಿಗೆ ಇಳಿಯಲಿವೆ.