ಕಾಂಚನಪುರಿಯ ರೈಲುಹಾದಿ

ಹಿಂದೆ ಸಯಾಮ್ ಎನಿಸಿಕೊಂಡಿದ್ದ ಥಾಯ್ಲೆಂಡಿನಲ್ಲಿ ರೈಲು ಹತ್ತಿದ ಕನ್ನಡಿಗನಿಗೆ ಮೊದಲು ಹಿತವೆನಿಸುವುವು ಊರುಗಳ ಹೆಸರುಗಳು. ಬ್ಯಾಂಕಾಕಿನ ಥೋನ್‌ಬುರಿಯಿಂದ ಹೊರಟ ಗಾಡಿ ನಖೋನ್ ಪಥೋಮ್ ಸೇರುತ್ತದೆ. ಅದು ನಮ್ಮ ‘ನಗರ ಪ್ರಥಮ’. ಮುಂದೆ ಬರುವ ಕಾಂಚನಬುರಿಯು ‘ಕಾಂಚನಪುರಿ’ಯೇ. ಹಳಿಗಳೂ ಪರಿಚಿತವೇ, ನಮ್ಮ ಹುಬ್ಬಳ್ಳಿ–ಗದಗ ಮಾರ್ಗದಲ್ಲಿ 1990ರ ದಶಕದವರೆಗೆ ಇದ್ದ ಮೀಟರ್ ಗೇಜು ಅಲ್ಲಿ ಇಂದಿಗೂ ಉಳಿದಿದೆ. ಮೂರನೆಯ ತರಗತಿಯ ಡಬ್ಬಿ, ತೆರೆದ ಕಿಟಕಿ, ಬುಟ್ಟಿ ಹೊತ್ತು ತಿನಿಸು ಮಾರುವ ಹೆಂಗಸರು: ಅಣ್ಣಿಗೇರಿಯಲ್ಲಿಯೇ ಹತ್ತಿ ಕುಳಿತಂತೆ ಭಾಸವಾಗುತ್ತದೆ.

ಕಾಂಚನಬುರಿಯಿಂದ ಮುಂದೆ ನೋಟವೇ ಬದಲಾಗುತ್ತದೆ. ಮೊದಲು ಕ್ವೇ ನದಿಯ ಉಕ್ಕಿನ ಸೇತುವೆ. ಅನಂತರ ಥಾಮ್ ಕ್ರಸೇ ಎಂಬಲ್ಲಿ ಬಂಡೆಗೆ ಅಂಟಿಕೊಂಡಂತೆ ಸಾಗುವ ಮರದ ಸೇತುವೆ. ಗಾಡಿ ಅಲ್ಲಿ ಆಮೆಯಂತೆ ತೆವಳುತ್ತದೆ. ಒಂದು ಮಗ್ಗುಲಲ್ಲಿ ಕೈಗೆ ತಾಗುವಂತಿರುವ ಬಂಡೆ, ಇನ್ನೊಂದು ಮಗ್ಗುಲಲ್ಲಿ ಕೆಳಗೆ ಹರಿಯುವ ಹೊಳೆ. ಪ್ರಯಾಣಿಕರೆಲ್ಲ ಕಿಟಕಿಗೆ ಮುಗಿಬಿದ್ದು ಛಾಯಾಚಿತ್ರ ತೆಗೆಯುತ್ತಾರೆ. ನಾನೂ ತೆಗೆದೆ.

ಊರಿಗೆ ಮರಳಿದ ಮೇಲೆ ಆ ಚಿತ್ರಗಳನ್ನು ನೋಡಿದ ನೆರೆಮನೆಯ ಅಜ್ಜಿಯೊಬ್ಬರು, “ಭಾಳ ಚಂದ ಐತ್ರಿ ಮಾಸ್ತರ. ಇಂಥಾ ಗುಡ್ಡದಾಗ ಈ ದಾರಿ ಹಾಕಿದವರು ಯಾರ್ರಿ?” ಎಂದು ಕೇಳಿದರು. ಅದಕ್ಕೆ ಉತ್ತರ ನನ್ನ ಯಾವ ಚಿತ್ರದಲ್ಲಿಯೂ ಇರಲಿಲ್ಲ.

ಬರ್ಮಾದಲ್ಲಿದ್ದ ತನ್ನ ಪಡೆಗಳಿಗೆ ಸಾಮಗ್ರಿ ಸಾಗಿಸಲೆಂದು ಜಪಾನಿನ ಸೈನ್ಯವು 415 ಕಿಲೋಮೀಟರಿನ ಈ ಹಾದಿಯನ್ನು 1942ರಲ್ಲಿ ಆರಂಭಿಸಿ 1943ರ ಅಕ್ಟೋಬರಿನಲ್ಲಿ ಮುಗಿಸಿತು. ಹಸಿವು, ಕಾಲರಾ, ಹೊಡೆತಗಳಿಂದ ಮಡಿದ ಯುದ್ಧಕೈದಿಗಳು 12,000ಕ್ಕೂ ಹೆಚ್ಚು. ಏಷ್ಯದ ಕೂಲಿಗಳು, ಅಂದಾಜಿನಂತೆ, 80,000ದಿಂದ ಒಂದು ಲಕ್ಷ. ಈ ಕೂಲಿಗಳಲ್ಲಿ ಮಲಯದ ರಬ್ಬರ್ ತೋಟಗಳಿಂದ ಒಯ್ದ ತಮಿಳರು ಬಹುಮಂದಿ. ಕಾಂಚನಬುರಿಯ ಸ್ಮಶಾನದಲ್ಲಿ ಕೈದಿಗಳ ಸುಮಾರು 7,000 ಸಮಾಧಿಗಳು ಹಸಿರು ಹುಲ್ಲಿನ ನಡುವೆ ಸಾಲುಸಾಲಾಗಿವೆ. ಕೂಲಿಗಳಿಗೆ ಅಂತಹ ಸಾಲುಗಳಿಲ್ಲ. ಅವರ ನೆನಪಿಗಾಗಿ ಅಲ್ಲಿಯ ಬೌದ್ಧ ವಿಹಾರವೊಂದರ ಆವರಣದಲ್ಲಿ ತಮಿಳರು 2023ರಲ್ಲಿ ‘ನಡುಕಲ್’ ನಿಲ್ಲಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ವೀರಗಲ್ಲು.

ದನಗಳನ್ನು ಬಿಡಿಸಿ ತರಲು ಹೋಗಿ ಮಡಿದವನಿಗೂ ಕಲ್ಲು ನೆಟ್ಟ ನಾಡು ನಮ್ಮದು. ಆದರೆ 1876–78ರ ಭೀಕರ ಬರದ ತರುವಾಯ, 1880ರ ದಶಕದಲ್ಲಿ, ಇದೇ ಎರೆಭೂಮಿಯಲ್ಲಿ ಹಳಿ ಹಾಸಿದ ಕೂಲಿಗಳ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ರೈಲುಹಾದಿಯ ಬದಿಯ ಊರುಗಳಲ್ಲಿ ಹಿರಿಯರು ಇನ್ನೂ ಇದ್ದಾರೆ. ತಮ್ಮ ಮುತ್ತಜ್ಜ ಮಣ್ಣು ಹೊತ್ತ ಸಂಗತಿಯನ್ನು ಕೇಳಿಬಲ್ಲವರು ಅವರಲ್ಲಿ ಯಾರಾದರೂ ಇದ್ದರೆ, ವಾಚಕರು ದಯವಿಟ್ಟು ಆ ಹೆಸರನ್ನು ಕೇಳಿ ಬರೆದಿಡಬೇಕು.