ಅರ್ಜಿ ನಮ್ದು, ಕೀಬೋರ್ಡ್ ಯಾರ್ದು?



ಸಂತೆಗುಳಿಯಿಂದ ಒಂದು ದೂರು ಹೊರಟ್ರೆ ಅದು ಮೊದಲು ಹೋಗೋದು ಪೊಲೀಸ್ ಸ್ಟೇಷನ್ನಿಗಲ್ಲ, ಕುಮಟಾದ ಟೈಪಿಂಗ್ ಅಂಗಡಿಗೆ. ನಾವು ಹೇಳ್ತೇವೆ, ಇನ್ನೊಬ್ಬರು ಕುಟ್ತಾರೆ. "ಬಸ್‌ಸ್ಟ್ಯಾಂಡಲ್ಲಿ ಎಲ್ಲರ ಎದುರು ಜಾತಿ ಹೆಸರು ಹಿಡಿದು ಬೈದ" ಅಂದದ್ದು ಪ್ರಿಂಟಾಗಿ ಬರುವಾಗ "ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತಾರೆ" ಅಂತಾಗಿರ್ತದೆ. ಜಾತಿ ಹೆಸರೂ ಹೋಯ್ತು, ಬಸ್‌ಸ್ಟ್ಯಾಂಡೂ ಹೋಯ್ತು. ದೌರ್ಜನ್ಯ ತಡೆ ಕಾಯ್ದೆಯ ಕಲಂ 3(1)(ಎಸ್) ನಿಂತಿರೋದೇ ಈ ಎರಡರ ಮೇಲೆ: ಜಾತಿ ಹೆಸರಿಂದ ಬೈದಿರಬೇಕು, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗ ಆಗಿರಬೇಕು. 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ ನಾಲ್ಕು ಗೋಡೆಯ ಒಳಗೆ ನಡೆದದ್ದು ಅಂತ ಹೇಳಿ ಸುಪ್ರೀಂ ಕೋರ್ಟ್ ಈ ಕಾಯ್ದೆಯ ಆರೋಪವನ್ನೇ ತೆಗೆದುಹಾಕಿತು. ಒಂದು ಸಾಲಿನ ಬೆಲೆ ಅಷ್ಟು.

ಅದಕ್ಕೇ ಹೇಳೋದು, ಪ್ರತಿ ಕೇರಿಯಲ್ಲೂ ನಮ್ಮದೊಂದು ಕೀಬೋರ್ಡ್ ಬೇಕು. ಕಂಪ್ಯೂಟರ್ ಎಲ್ಲಿಂದ ಅಂತೀರಾ? ಕಾಲೇಜಲ್ಲಿ ಸಿಕ್ಕ ಲ್ಯಾಪ್‌ಟಾಪ್ ಎಷ್ಟೋ ಮನೆಯಲ್ಲಿ ಮೂಲೆ ಸೇರಿದೆ. ಮಳೆಗಾಲದ ತೇವಕ್ಕೆ ನಾಲ್ಕು ಕೀಲಿ ಸತ್ತಿರ್ತವೆ, ಅಷ್ಟೇ. ಒಂದು ಬ್ಲೂಟೂತ್ ಕೀಬೋರ್ಡ್ ಜೋಡಿಸಿದ್ರೆ ಅದೇ ಲ್ಯಾಪ್‌ಟಾಪ್ ಮತ್ತೆ ನಡೀತದೆ. ಲ್ಯಾಪ್‌ಟಾಪೇ ಇಲ್ಲದವರು ಫೋನಿಗೂ ಜೋಡಿಸ್ಬಹುದು.

ಜೋಡಿಸೋದು ಬ್ರಹ್ಮವಿದ್ಯೆ ಏನಲ್ಲ. (ಬ್ರಹ್ಮವಿದ್ಯೆಯೂ ನಮಗೆ ಬೇಡ ಬಿಡಿ.) ಕೀಬೋರ್ಡ್ ಆನ್ ಮಾಡಿ, ಬ್ಲೂಟೂತ್ ಗುಂಡಿಯನ್ನು ದೀಪ ಮಿಣುಕುವ ತನಕ ಒತ್ತಿ ಹಿಡೀರಿ. ವಿಂಡೋಸ್ ಸೆಟ್ಟಿಂಗ್ಸಲ್ಲಿ ಬ್ಲೂಟೂತ್‌ಗೆ ಹೋಗಿ 'ಆಡ್ ಡಿವೈಸ್' ಕೊಡಿ. ಕೀಬೋರ್ಡಿನ ಹೆಸರು ಬಂದಾಗ ಅದನ್ನು ಒತ್ತಿದ್ರೆ ಎಷ್ಟೋ ಸಲ ಪರದೆ ಮೇಲೆ ಆರು ಅಂಕಿ ಬರ್ತದೆ. ನಮ್ಮ ಹುಡುಗರು ಸಿಕ್ಕಿಬೀಳೋದು ಇಲ್ಲೇ. ಆ ಅಂಕಿಯನ್ನು ಹೊಸ ಕೀಬೋರ್ಡಲ್ಲೇ ಹೊಡೆದು ಎಂಟರ್ ಒತ್ಬೇಕು. ಎಂಟರ್ ಮರೆತ್ರೆ ಅದು ಕಾದು ಕಾದು ಫೇಲ್ ಅನ್ನುತ್ತೆ. ಆ ಅಂಕಿ ಸುಮ್ನೆ ಕೇಳೋದಲ್ಲ, ನಡುವೆ ಬೇರೆ ಯಾರೂ ನುಸುಳಿ ನೀವು ಒತ್ತಿದ್ದನ್ನು ಕದ್ದು ಓದಬಾರದು ಅಂತ. ಮೊದಲು ಜೋಡಿಸಿದ್ದು ಕೈಕೊಟ್ರೆ 'ರಿಮೂವ್' ಮಾಡಿ ಮತ್ತೆ ಜೋಡಿಸಿ.

"ಕನ್ನಡ ಕೀಬೋರ್ಡೇ ತರ್ಬೇಕಾ?" ಅಂತ ತುಂಬಾ ಜನ ಕೇಳ್ತಾರೆ. ಬೇಡ. ಯಾವ ಕೀಲಿ ಒತ್ತಿದ್ರಿ ಅಂತ ಕಳಿಸೋದಷ್ಟೇ ಅದರ ಕೆಲಸ, ಅದನ್ನು ಕನ್ನಡ ಮಾಡೋದು ಕಂಪ್ಯೂಟರ್. ನುಡಿ ಹಾಕ್ಕೊಂಡು ಕೆ.ಪಿ. ರಾವ್ ವಿನ್ಯಾಸ ಕಲೀರಿ. ಅದರಲ್ಲಿ 'ದಲಿತ' ಅಂತ ಬರೆಯೋಕೆ ಡಿ, ಎಲ್, ಐ, ಟಿ, ನಾಲ್ಕೇ ಕೀಲಿ. ಯೂನಿಕೋಡಲ್ಲೇ ಬರೀರಿ, ಇಲ್ಲಾಂದ್ರೆ ನಿಮ್ಮ ದೂರು ಬೇರೆಯವರ ಫೋನಲ್ಲಿ ಕಾಗೆ ಕಾಲು ಗುಬ್ಬಿ ಕಾಲು.

1920ರಲ್ಲಿ 'ಮೂಕನಾಯಕ'ದ ಜಾಹೀರಾತನ್ನು ದುಡ್ಡು ಕೊಡ್ತೇವೆ ಅಂದ್ರೂ 'ಕೇಸರಿ' ಹಾಕಲಿಲ್ಲ. ಬಾಬಾಸಾಹೇಬರು ಮುಂದೆ ತಮ್ಮದೇ ಮುದ್ರಣಾಲಯ ಮಾಡ್ಕೊಂಡ್ರು. ನಮಗೆ ಅಷ್ಟು ದೊಡ್ಡದೂ ಬೇಡ, ಬ್ಯಾಗಿನಲ್ಲಿ ಹಿಡಿಯುವ ಕೀಬೋರ್ಡ್ ಸಾಕು.

ಸ್ಟೇಷನ್ನಲ್ಲಿ ಬಾಯಲ್ಲಿ ಹೇಳಿದ್ರೂ ಹಕ್ಕಿದೆ. ಕಲಂ 4ರ ಪ್ರಕಾರ ಬರ್ಕೊಂಡದ್ದನ್ನು ಸಹಿಗೆ ಮೊದಲು ಓದಿ ಹೇಳ್ಬೇಕು, ಪ್ರತಿಯನ್ನು ಕೂಡಲೇ ಕೊಡ್ಬೇಕು. ಆದ್ರೆ ಕೈಯಲ್ಲಿ ನಮ್ಮದೇ ಟೈಪಾದ ಹಾಳೆ ಇದ್ರೆ ಅಲ್ಲಿ ಮಾತಾಡುವ ಧೈರ್ಯವೇ ಬೇರೆ.

ಕುಮಟಾ, ಹೊನ್ನಾವರ, ಭಟ್ಕಳ ಕಡೆ ಸುಮ್ನೆ ಕೂತ ಹಳೆ ಲ್ಯಾಪ್‌ಟಾಪ್ ಇದ್ರೆ ಕಾಮೆಂಟಲ್ಲಿ ಹೇಳಿ. ಕೀಬೋರ್ಡ್ ಜೋಡಿಸಿ ನುಡಿ ಹಾಕಿ ಕೊಡೋಣ.

ಜೈ ಭೀಮ್.